ಸಿಡ್ನಿಯ ಉಣುಗು, ಮೆಲ್ಬರ್ನಿನ ಸೂಜಿ

ವಿಮಾನ ನಿಲ್ದಾಣ

ಸಿಡ್ನಿಯಲ್ಲಿ ಇಳಿದು ಅರ್ಧ ಗಂಟೆ ಆಗುವುದರೊಳಗೆ ನನ್ನ ಮೊದಲ ಜಗಳ ನಡೆಯಿತು. ಕಾರಣ ನನ್ನ ಹಳೆಯ ಕ್ಯಾನ್ವಾಸ್ ಬೂಟು.

ವಿಮಾನದಲ್ಲಿ ತುಂಬಲು ಒಂದು ಕಾರ್ಡು ಕೊಟ್ಟಿದ್ದರು. ಇತ್ತೀಚೆಗೆ ಕಾಡಿಗೆ, ಹೊಲಕ್ಕೆ, ದನಕರು ಇರುವ ಜಾಗಕ್ಕೆ ಹೋಗಿದ್ದೀರಾ ಎಂಬ ಪ್ರಶ್ನೆ ಅದರಲ್ಲಿತ್ತು. ಪಕ್ಕದ ಸೀಟಿನಲ್ಲಿದ್ದ ಹೈದರಾಬಾದಿನ ಹೆಂಗಸು ಎಲ್ಲದಕ್ಕೂ ‘ನೋ’ ಎಂದು ಗುರುತು ಹಾಕಿ, ನನಗೂ ಹಾಗೇ ಮಾಡಿ ಎಂದು ಹಿಂದಿಯಲ್ಲಿ ಸಲಹೆ ಕೊಟ್ಟಳು. ಸರ್ಕಾರದ ಕಾಗದದಲ್ಲಿ ಸುಳ್ಳು ಬರೆಯಬಾರದು ಎಂದು ನಾನು ಅವಳಿಗೇ ಬುದ್ಧಿ ಹೇಳಿ ‘ಯೆಸ್’ ಹಾಕಿದೆ. ಅವಳು ಹೊರಗೆ ಹೋಗಿ ಟ್ಯಾಕ್ಸಿ ಹತ್ತಿರಬೇಕು, ನಾನಿನ್ನೂ ಒಂದು ಸ್ಟೀಲ್ ಮೇಜಿನ ಮುಂದೆ ಬರಿಗಾಲಲ್ಲಿ ನಿಂತಿದ್ದೆ.

ಒಬ್ಬ ತರುಣ ಅಧಿಕಾರಿ ಕೈಗವಸು ಹಾಕಿಕೊಂಡು ನನ್ನ ಬೂಟುಗಳನ್ನು ತಿರುಗಿಸಿ, ಅಟ್ಟೆಯ ಸಂದಿಯಲ್ಲಿದ್ದ ಒಣಮಣ್ಣನ್ನು ಬ್ರಶ್ಶಿನಿಂದ ಕೆರೆದು, ಏನೋ ಔಷಧಿ ಸಿಂಪಡಿಸಿ ಉಜ್ಜತೊಡಗಿದ. ಮಣ್ಣಿನಲ್ಲಿ ಹುಳ, ಬೀಜ, ರೋಗ ಬರುತ್ತವೆ ಎಂದು ವಿನಯವಾಗಿ ವಿವರಿಸಿದ. ಇಷ್ಟೊಂದು ಶ್ರದ್ಧೆಯಿಂದ ನನ್ನ ಬೂಟನ್ನು ನನ್ನ ತಾಯಿಯೂ ಒರೆಸಿರಲಿಲ್ಲ. ನಾನು ಸಂತೋಷಪಡಬೇಕಿತ್ತು. ಆದರೆ ಮೈ ಉರಿದುಹೋಯಿತು.

ಯಾಕೆಂದು ಹೇಳಬೇಕು. ನಾನು ಚಿತ್ರದುರ್ಗದ ಬಯಲಿನವಳು. ಕೆಲಸ ಸಿಕ್ಕಿದ್ದು ಮಲೆನಾಡಿನಲ್ಲಿ, ಸಾಗರ ಪೇಟೆಯ ಆಚೆ ಕಾಡಂಚಿನ ಒಂದು ಉಪಕೇಂದ್ರದಲ್ಲಿ, ಆರೋಗ್ಯ ಸಹಾಯಕಿಯಾಗಿ. ಅಲ್ಲಿ ಇಪ್ಪತ್ತಾರು ವರ್ಷ ಇದ್ದೆ. ಅದು ಮಂಗನ ಕಾಯಿಲೆಯ ಸೀಮೆ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ತರಗೆಲೆಯ ಮೇಲೆ ಉದುರುತ್ತವೆ, ಸೌದೆಗೋ ಸೊಪ್ಪಿಗೋ ಹೋದವರಿಗೆ ಹತ್ತುತ್ತವೆ. ಆಮೇಲೆ ಜ್ವರ, ಮೈಕೈ ಮುರಿತ, ಕೆಲವರಿಗೆ ರಕ್ತಸ್ರಾವ, ಕೆಲವರಿಗೆ ಜ್ವರ ಮೆದುಳಿಗೇರಿ ಸಾವು. ಆ ತರಗೆಲೆ ತುಳಿದು ಮನೆಮನೆಗೆ ಲಸಿಕೆ ಹಾಕಿಬರಲು ನನ್ನನ್ನು ಕಳಿಸುತ್ತಿದ್ದರು. ಒಂದು ಜೊತೆ ಬೂಟು ಕೊಡಿ ಎಂದು ನಾನು ಬರೆದ ಅರ್ಜಿಗಳು ಯಾವ ಫೈಲಿನಲ್ಲಿ ಕೊಳೆತವೋ ಗೊತ್ತಿಲ್ಲ. ಉಣುಗಿಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿಗಳು ಬರುತ್ತಿದ್ದುದು ಮಳೆ ಹಿಡಿದು ಉಣುಗು ಕಡಿಮೆಯಾದ ಮೇಲೆ. ಇಲ್ಲಿ ನೋಡಿದರೆ ನನ್ನ ಬೂಟಿನ ಮಣ್ಣಿಗೇ ಒಬ್ಬ ಅಧಿಕಾರಿ.

“ನಮ್ಮ ಕಾಡಿನ ಮಣ್ಣು ಅಷ್ಟು ಕೊಳಕಲ್ಲ” ಎಂದು ಇಂಗ್ಲಿಷಿನಲ್ಲಿ ದಬಾಯಿಸಿದೆ. ಅವನು ನಕ್ಕು, ಒದ್ದೆ ಬೂಟುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟ. ಹೊರಗೆ ಕಾಯುತ್ತಿದ್ದ ನನ್ನ ತಂಗಿ ಮಂಜುಳಾ ನನ್ನ ಬರಿಗಾಲು ನೋಡಿ ಮೊದಲು ಕೇಳಿದ್ದು, “ಯಾರ ಜೊತೆ ಜಗಳ ಆಡ್ದೆ ಅಕ್ಕಾ?”

ವೆಸ್ಟ್‌ಮೀಡ್

ಮಂಜುಳಾ ಇಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್. ಸ್ಟೇಷನ್ನಿನಿಂದ ಐದು ನಿಮಿಷದ ಫ್ಲ್ಯಾಟು. ಅವಳ ಗಂಡ ಸತೀಶ ಮೈಸೂರಿನವನು, ಚಾಟ್ಸ್‌ವುಡ್‌ನಲ್ಲಿ ಕಂಪ್ಯೂಟರ್ ಕೆಲಸ. ಒಬ್ಬಳೇ ಮಗಳು ಅನಘಾ, ಇಪ್ಪತ್ತೊಂದು ವರ್ಷ, ಮೆಲ್ಬರ್ನಿನಲ್ಲಿ ಕಾಡು ಮತ್ತು ಪರಿಸರದ ಓದು. ಅವಳಿಗೆ ಎಂಟು ತುಂಬುವವರೆಗೆ ಒಂದು ವರ್ಷ ನನ್ನ ಹತ್ತಿರವೇ ಇದ್ದಳು. ಸತೀಶ ಮೊದಲು ಇಲ್ಲಿಗೆ ಬಂದಿದ್ದ, ಮಂಜುಳಾ ಬೆಂಗಳೂರಿನಲ್ಲಿ ಶಿಫ್ಟ್ ಮಾಡುತ್ತಾ ವೀಸಾ ಕಾಯುತ್ತಿದ್ದಳು. ಉಪಕೇಂದ್ರದ ಪಕ್ಕದ ಶಾಲೆಯಲ್ಲಿ ಎರಡನೇ ಕ್ಲಾಸು ಓದಿದ ಮಗು ಈಗ ಮಾರ್ಚಿನಲ್ಲಿ ಆಸ್ಟ್ರಿಯಾ ದೇಶಕ್ಕೆ ಹೊರಟಿದ್ದಳು. ಆರು ತಿಂಗಳು ಅಲ್ಲಿನ ಕಾಡಿನಲ್ಲಿ ಮರಗಳನ್ನು ಅಳೆಯುವ ಕೆಲಸ.

ಕೇಳಿದ ಕೂಡಲೇ ನನಗೆ ಹೊಳೆದದ್ದು ಒಂದೇ ವಿಷಯ. ಆ ಕಡೆಯ ಕಾಡುಗಳಲ್ಲೂ ಉಣುಗು ಇದೆ, ಅದು ಕಚ್ಚಿದರೆ ಮೆದುಳು ಜ್ವರ ಬರಬಹುದು. ಆ ವೈರಸ್ಸು ನಮ್ಮ ಮಂಗನ ಕಾಯಿಲೆಯ ಹತ್ತಿರದ ನೆಂಟ. ಒಂದೇ ವ್ಯತ್ಯಾಸ, ಅದಕ್ಕೆ ಒಳ್ಳೆಯ ಲಸಿಕೆ ಇದೆ. ಹೊರಡುವ ಮೊದಲು ಎರಡು ಡೋಸು, ಆಮೇಲೆ ಮೂರನೆಯದು. “ಹಾಕ್ಸಿದೀರಾ?” ಎಂದೆ. ಮಂಜುಳಾ “ನೋಡೋಣ” ಎಂದಳು. ಸತೀಶ, “ಅಕ್ಕಾ, ಅವಳು ಹೋಗ್ತಿರೋದು ಯೂರೋಪ್‌ಗೆ, ಕಾಂಗೋಗಲ್ಲ” ಎಂದ. ಇಬ್ಬರೂ ವಿದ್ಯಾವಂತರು. ನನಗೆ ಸಿಟ್ಟು ಬಂತು.

ಕೆಳಗಿನ ಮನೆಯಲ್ಲಿ ಮಾರ್ಗರೆಟ್ ಎಂಬ ಎಪ್ಪತ್ತು ದಾಟಿದ ಹೆಂಗಸು ತನ್ನ ಗಿಡ್ಡ ಕಾಲಿನ ನಾಯಿಯ ಜೊತೆ ಇದ್ದಳು. ಭಾನುವಾರ ಸಂಜೆ ಆಕೆ ಮೆಟ್ಟಿಲ ಮೇಲೆ ಕುಳಿತು ನಾಯಿಯ ಕಿವಿ, ಕುತ್ತಿಗೆ, ಕಾಲ್ಬೆರಳ ಸಂದಿ ಎಲ್ಲವನ್ನೂ ಬೆರಳಿನಿಂದ ತಡಕುತ್ತಿದ್ದಳು. ಹೇನು ನೋಡುವ ನಮ್ಮ ಅಜ್ಜಿಯರಷ್ಟೇ ತಾಳ್ಮೆ. ಕಡಲ ಕಡೆಯ ತಂಗಿಯ ಮನೆಗೆ ಹೋಗಿಬಂದಾಗೆಲ್ಲ ಹೀಗೆ ಹುಡುಕಬೇಕಂತೆ. ಇಲ್ಲಿನ ಉಣುಗು ಕಚ್ಚಿದರೆ ನಾಯಿಗೆ ಲಕ್ವ ಹೊಡೆಯುತ್ತದೆ. ತಂಗಿಗೆ ಕಚ್ಚಿದ ಮೇಲೆ ಆಕೆ ಕುರಿಮಾಂಸ, ಹಂದಿಮಾಂಸ ತಿಂದರೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುತ್ತದೆ. “ಪಾಪ, ಅವಳಿಗೆ ಕ್ರಿಸ್‌ಮಸ್ಸಿಗೆ ಹ್ಯಾಮ್ ಇಲ್ಲ” ಎಂದು ಮಾರ್ಗರೆಟ್ ಮರುಗಿದಳು.

ಮುಂಜಾಗ್ರತೆ ಏನು ಎಂದು ಕೇಳಿದೆ. ಬೇಸಿಗೆಯಲ್ಲಿ ನಾಯಿಗೆ ಮರೆಯದೆ ಮಾತ್ರೆ ಕೊಡುತ್ತಾಳೆ. ಮಾಂಸದ ರುಚಿಯ ಮಾತ್ರೆ, ನಾಯಿ ಕುಣಿದಾಡಿಕೊಂಡು ತಿನ್ನುತ್ತದೆ. ದಿನಾಂಕ ಮರೆಯದಂತೆ ಫೋನು ನೆನಪಿಸುತ್ತದೆ. ನಾನು ಎದ್ದು ಮೇಲೆ ಬಂದೆ. ಮಾರ್ಗರೆಟ್ ತಪ್ಪೇನೂ ಮಾಡಿರಲಿಲ್ಲ, ನಾಯಿಯಂತೂ ಮಾಡಿರಲಿಲ್ಲ. ಆದರೂ ಮಳೆ ಹಿಡಿದ ಮೇಲೆ ಬರುತ್ತಿದ್ದ ನಮ್ಮ ಎಣ್ಣೆ ಬಾಟಲಿಗಳು ನೆನಪಾಗಿ, ಆ ಸಂಜೆ ಪಾತ್ರೆಗಳನ್ನೆಲ್ಲ ಕುಕ್ಕಿ ಕುಕ್ಕಿ ತೊಳೆದೆ.

ಪೆಂಡಲ್ ಹಿಲ್

ಕಾರ್ತಿಕ ಮಾಸ ನಡೆಯುತ್ತಿತ್ತು. ಮಂಜುಳಾಳ ಕನ್ನಡದ ಗೆಳತಿಯರೆಲ್ಲ ಸೇರಿ ವನಭೋಜನ ಇಟ್ಟುಕೊಂಡಿದ್ದರು. ನೆಲ್ಲಿಮರಕ್ಕೆ ಪೂಜೆ ಮಾಡಿ, ಅದರ ನೆರಳಿನಲ್ಲಿ ಕೂತು ಉಣ್ಣಬೇಕು. ಸಿಡ್ನಿಯ ಕಾಡಿನಲ್ಲಿ ನೆಲ್ಲಿಮರ ಎಲ್ಲಿಂದ ತರುವುದು? ಅದಕ್ಕೆ ಇವರು ಕಂಡುಕೊಂಡ ದಾರಿ ಪೆಂಡಲ್ ಹಿಲ್‌ನ ಅಂಗಡಿಯ ಫ್ರೀಜರ್. ಮಂಜುಳಾ ಅದರಲ್ಲಿ ಮೊಣಕೈವರೆಗೆ ಕೈ ಹಾಕಿ, ಹಿಮಗಟ್ಟಿದ ನೆಲ್ಲಿಕಾಯಿಯ ಎರಡು ಪ್ಯಾಕೆಟ್ ಎತ್ತಿದಳು. ಅದನ್ನು ಯಾವುದಾದರೂ ನೀಲಗಿರಿ ಮರದ ಬುಡದಲ್ಲಿಟ್ಟರೆ ಆ ಮರವೇ ನೆಲ್ಲಿಮರ. ದೇವರು ಅಡ್ಜಸ್ಟ್ ಮಾಡ್ಕೋತಾನೆ ಎಂದಳು.

ನೆಲ್ಲಿಕಾಯಿಗೆ ನನ್ನ ತಕರಾರು ಇರಲಿಲ್ಲ. ಇದು ನವೆಂಬರ್, ಇಲ್ಲಿ ಉಣುಗಿನ ಸುಗ್ಗಿ ಎಂದು ಮಾರ್ಗರೆಟ್ ಹೇಳಿದ್ದಳು. ನಮ್ಮವರು ಹೋಗಿ ಪೂಜೆಯ ನೆಪದಲ್ಲಿ ಚಪ್ಪಲಿ ಬಿಚ್ಚುತ್ತಾರೆ, ಪಂಚೆ ಸೀರೆ ಉಟ್ಟು ಹುಲ್ಲಿನಲ್ಲೇ ಚಕ್ಕಳಮಕ್ಕಳ ಹಾಕುತ್ತಾರೆ. ಉಣುಗಿಗೆ ಎಲೆ ಹಾಕಿ ಬಡಿಸಿದ ಹಾಗೆ.

“ಕಾಲುಚೀಲ ಹಾಕಿ, ಪ್ಯಾಂಟಿನ ತುದಿ ಅದರೊಳಗೆ ಸೇರಿಸಿ, ಚಾಪೆ ದಪ್ಪಗಿರಲಿ” ಎಂದು ಅಂಗಡಿಯಲ್ಲೇ ಶುರುಮಾಡಿದೆ.

“ಅಕ್ಕಾ, ಇದು ನಿನ್ನ ಸಬ್‌ಸೆಂಟರ್ ಅಲ್ಲ. ಎಲ್ಲಾರೂ ರೇಶ್ಮೆ ಸೀರೆ ಉಡ್ತಾರೆ. ಕಾಲುಚೀಲ ಅಂತೆ.”

“ಉಣುಗಿಗೆ ರೇಶ್ಮೆ ಗೊತ್ತಾಗುತ್ತಾ?”

“ನಿಂಗೆ ರಿಟೈರ್ ಆಗಿದೆ ಅಂತ ಯಾರಾದ್ರೂ ಹೇಳ್ಬೇಕು” ಎಂದು ಅವಳು ಬಿಲ್ಲಿನ ಸಾಲಿಗೆ ಹೋದಳು.

ಉತ್ತರದ ಕಾಡು

ಪರೀಕ್ಷೆ ಮುಗಿಸಿ ಅನಘಾ ಮೆಲ್ಬರ್ನಿನಿಂದ ಬಂದಿದ್ದಳು. ನನಗಿಂತ ಒಂದು ಗೇಣು ಎತ್ತರವಾಗಿದ್ದಾಳೆ. ಬಂದವಳೇ ತಬ್ಬಿಕೊಂಡು, “ದೊಡ್ಡಮ್ಮ, ಯು ಲುಕ್ ಆಂಗ್ರಿ ಆಸ್ ಎವರ್” ಎಂದಳು. ಕಾರಿನಲ್ಲಿ ದಾರಿಯುದ್ದಕ್ಕೂ ಅವಳು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಮಾತಾಡಿದೆವು. ಇಬ್ಬರಿಗೂ ಎಲ್ಲ ಅರ್ಥವಾಯಿತು.

ಸಿಡ್ನಿಯ ಉತ್ತರಕ್ಕೆ ಕಡಲಿನ ಪಕ್ಕ ಒಂದು ಕಾಡು. ಅದರ ಬಾಗಿಲಲ್ಲೇ ಉಣುಗಿನ ಚಿತ್ರ ಹಾಕಿ ಎಚ್ಚರಿಕೆ ಬರೆದ ಫಲಕ. ಆ ಫಲಕಕ್ಕೇ ನಮ್ಮವರು ಮಾವಿನ ತೋರಣದ ಒಂದು ತುದಿ ಕಟ್ಟಿದರು. ಸುಮಾರು ಮೂವತ್ತು ಜನ. ಕಾಲುಚೀಲದೊಳಗೆ ಪ್ಯಾಂಟು ಸೇರಿಸಿದ್ದು ನಾನೊಬ್ಬಳೇ. ಚೂಡಿದಾರದ ಪ್ಯಾಂಟು, ಬಿಳಿ ಕಾಲುಚೀಲ, ಅದೇ ತೊಳೆದ ಬೂಟು. ಹೆಂಗಸರು ನನ್ನನ್ನು ಫೋಟೋದ ಹಿಂದಿನ ಸಾಲಿಗೆ ತಳ್ಳಿದರು.

ಬಿಸಿಬೇಳೆಬಾತು ಮುಗಿದು ಮೊಸರನ್ನ ಬರುವ ಹೊತ್ತಿಗೆ ಸತೀಶ ಕಿವಿಯ ಹಿಂದೆ ಕೆರೆದುಕೊಳ್ಳತೊಡಗಿದ. ನೋಡಿದರೆ ಉದ್ದಿನಕಾಳಿನಷ್ಟು ಉಣುಗು, ತಲೆ ಚರ್ಮದೊಳಗೆ. ಸುತ್ತ ಎಲ್ಲರೂ ವೈದ್ಯರಾದರು. ಒಬ್ಬರು ಕೊಬ್ಬರಿ ಎಣ್ಣೆ ಎಂದರು, ಇನ್ನೊಬ್ಬರು ಸುಣ್ಣ ಎಂದರು. ಗಂಡಸರೊಬ್ಬರು ಪೂಜೆಯಲ್ಲಿ ಉರಿಯುತ್ತಿದ್ದ ಊದುಬತ್ತಿಯನ್ನೇ ಎತ್ತಿಕೊಂಡು ಬಂದರು, ತುದಿ ತಾಗಿಸಿದರೆ ಬಿಟ್ಟುಬಿಡುತ್ತದೆ ಎಂದು. ನಾನು ಅವರ ಕೈಯಿಂದ ಕಿತ್ತುಕೊಂಡೆ. ಸುಟ್ಟರೆ, ಎಣ್ಣೆ ಹಚ್ಚಿದರೆ ಅದು ಹೊಟ್ಟೆಯಲ್ಲಿದ್ದುದನ್ನು ನಿಮ್ಮ ರಕ್ತಕ್ಕೇ ಕಾರುತ್ತದೆ ಎಂದು ಗದರಿಸಿದೆ. ಮತ್ತೆ ನನ್ನ ಉಗುರು ಮುಂದೆ ಮಾಡಿದೆ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಕಿತ್ತಿದ್ದೇನೋ.

ಆಗ ನನ್ನ ಕೈ ಹಿಡಿದದ್ದು ಮಂಜುಳಾ. “ಇಲ್ಲಿ ಕೀಳ್ಬಾರ್ದು ಅಕ್ಕಾ. ಹಿಂಡಿದ್ರೆ ಅಲರ್ಜಿ ಆಗುತ್ತೆ. ಇದ್ದಲ್ಲೇ ಫ್ರೀಜ್ ಮಾಡಿ ಸಾಯ್ಸ್ಬೇಕು.” ಬ್ಯಾಗಿನಿಂದ ಒಂದು ಪುಟ್ಟ ಸ್ಪ್ರೇ ತೆಗೆದು ಐದಾರು ಸಲ ಹೊಡೆದಳು. ಉಣುಗು ಬಿಳಿಯಾಗಿ ಸತ್ತಿತು. ಅಂದರೆ ಉಣುಗು ಹತ್ತುತ್ತದೆಂದು ಅವಳಿಗೂ ಗೊತ್ತಿತ್ತು, ಬ್ಯಾಗಿನಲ್ಲಿ ಮದ್ದು ಇಟ್ಟುಕೊಂಡೇ ರೇಶ್ಮೆ ಸೀರೆ ಉಟ್ಟು ಹುಲ್ಲಿನಲ್ಲಿ ಕೂತಿದ್ದಳು. ಮೂವತ್ತು ಜನರ ಮುಂದೆ ನನ್ನ ಕೈ ಹಿಡಿದದ್ದಕ್ಕಿಂತ ಇದಕ್ಕೆ ನನಗೆ ಹೆಚ್ಚು ಕೋಪ ಬಂತು.

ಅನಘಾ ಮಾತ್ರ ಬರಿಗಾಲಲ್ಲಿ ಹುಲ್ಲಿನಲ್ಲಿ ಓಡಾಡುತ್ತಿದ್ದಳು. ಶೂ ಹಾಕು ಎಂದೆ.

“ರಿಲ್ಯಾಕ್ಸ್ ದೊಡ್ಡಮ್ಮ. ಐಯಾಮ್ ದಿ ಓನ್ಲಿ ಪರ್ಸನ್ ಹಿಯರ್ ಹೂ ಈಸ್ ವ್ಯಾಕ್ಸಿನೇಟೆಡ್. ಮಂಗನ ಕಾಯಿಲೆದು, ನೀನೇ ಹಾಕಿದ್ದು, ತ್ರೀ ಡೋಸಸ್. ಮರ್ತೋಯ್ತಾ?”

ಕೈಯಲ್ಲಿದ್ದ ಊದುಬತ್ತಿ ಉರಿದು ನನ್ನ ಬೆರಳಿಗೇ ತಾಗಿತು.

ಚಾಟ್ಸ್‌ವುಡ್

ಕೊನೆಗೂ ನನ್ನ ಕಿರಿಕಿರಿ ತಾಳಲಾರದೆ ಸತೀಶ ತನ್ನ ಆಫೀಸಿನ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಬುಕ್ ಮಾಡಿದ. ಈ ಲಸಿಕೆ ಎಲ್ಲ ಕಡೆ ಇರುವುದಿಲ್ಲ, ಹೆಸರು ಕೊಟ್ಟು ತರಿಸಬೇಕು. ಮೊದಲ ಡೋಸು ಸಿಡ್ನಿಯಲ್ಲಿ, ಒಂದು ತಿಂಗಳ ಮೇಲೆ ಎರಡನೆಯದು ಮೆಲ್ಬರ್ನಿನಲ್ಲಿ ಎಂದು ತೀರ್ಮಾನವಾಯಿತು.

ಕ್ಲಿನಿಕ್ಕಿಗೆ ಹೊರಡುವಾಗ ಮಂಜುಳಾ ಒಂದು ದಪ್ಪ ಫೈಲು ತೆಗೆದಳು. ಇಲ್ಲಿ ಪಿಆರ್‌ಗಾಗಿ, ಅಂದರೆ ಕಾಯಂ ವಾಸದ ಪರವಾನಗಿಗಾಗಿ ಕಾದವರ ಮನೆಯಲ್ಲೆಲ್ಲ ಇಂಥದೊಂದು ಫೈಲು ಇರುತ್ತದೆ. ಯಾವ ಕಾಗದ ಯಾವಾಗ ಬೇಕಾಗುತ್ತದೋ ಎಂದು ಯಾವುದನ್ನೂ ಎಸೆಯುವುದಿಲ್ಲ. ಒಂದನೇ ಕ್ಲಾಸಿನ ಅಂಕಪಟ್ಟಿ, ಗ್ಯಾಸ್ ಸಂಪರ್ಕದ ರಸೀದಿ, ಎಲ್ಲ ಇತ್ತು. ಅದರೊಳಗಿಂದ ಅವಳು ಒಂದು ಹಳದಿ ಚೀಟಿ ಎಳೆದಳು. ನಮ್ಮ ಉಪಕೇಂದ್ರದಲ್ಲಿ ಮಂಗನ ಕಾಯಿಲೆಯ ಲಸಿಕೆ ಹಾಕಿಸಿಕೊಂಡವರಿಗೆ ಕೊಡುತ್ತಿದ್ದ ಚೀಟಿ. ಅದಕ್ಕೆ ಲ್ಯಾಮಿನೇಶನ್ ಆಗಿತ್ತು. ಜೊತೆಗೆ ಇಂಗ್ಲಿಷ್ ಅನುವಾದ, ಅನುವಾದಕರ ಸಹಿ, ಮೊಹರು. ಮೊದಲನೇ ಡೋಸು, ಎರಡನೇ ಡೋಸು, ಬೂಸ್ಟರು ಎಂದು ಮೂರು ಸಾಲು. ಮೂರಕ್ಕೂ ನನ್ನ ಸಹಿ.

ಅದರಲ್ಲಿ ಮೊದಲ ಸಾಲು ಮಾತ್ರ ನಿಜ.

ಓದುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಆ ಲಸಿಕೆ ಬಹಳ ನೋಯುತ್ತಿತ್ತು. ಮೊದಲ ಡೋಸಿಗೆ ಅನಘಾಳ ತೋಳು ಬನ್ನಿನ ಹಾಗೆ ಊದಿ, ಎರಡು ದಿನ ಜ್ವರ ಬಂದಿತ್ತು. ತಿಂಗಳಾದ ಮೇಲೆ ನಾನು ಸಿರಿಂಜ್ ತೆಗೆದಾಗ ಮಗು ಮಂಚದ ಕೆಳಗೆ ಸೇರಿಕೊಂಡಿತು. ನಾನು ಬಗ್ಗಿ ನೋಡಿದೆ. “ನೀನು ಚುಚ್ಚಲ್ಲ ಅಲ್ವಾ ದೊಡ್ಡಮ್ಮ?” ಎಂದಿತು. ನನಗೆ ಆಗಲಿಲ್ಲ. ಸಿರಿಂಜ್ ಎತ್ತಿಟ್ಟು ಚೀಟಿಯಲ್ಲಿ ಬರೆದೆ. ಬೂಸ್ಟರ್ ಬಂದಾಗಲೂ ಬರೆದೆ. ಮಂಜುಳಾಗೆ ಹೇಳಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಅವರು ದೇಶ ಬಿಟ್ಟರು, ಇನ್ನು ಯಾವ ಉಣುಗು ಎಂದು ನಾನೂ ಮರೆತೆ. ಆ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಮುಂದೆ ಅದನ್ನೇ ನಿಲ್ಲಿಸಿದರು. ಆದರೆ ನಾನು ಬರೆಯದೆ ಬಿಟ್ಟದ್ದು ಆ ಕಾರಣಕ್ಕಲ್ಲ, ಆಗ ಅದೊಂದೇ ನಮ್ಮ ಕೈಯಲ್ಲಿದ್ದದ್ದು. ಬರೆಯದೆ ಬಿಟ್ಟದ್ದು ಎಂದೆ, ನೋಡಿ. ಚುಚ್ಚದೆ ಬಿಟ್ಟದ್ದು. ಬರೆದದ್ದಂತೂ ಬರೆದೆ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಚೀಟಿ ನೋಡಿ, ಈ ಹೆಸರು ಕೇಳಿಲ್ಲ ಎಂದು ಬದಿಗಿಟ್ಟು ಹೊಸ ಡೋಸು ಚುಚ್ಚಿದರು. ಆಗ ನಾನು ಹೇಳಬಹುದಿತ್ತು. ಡಾಕ್ಟರು ಹೇಗೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲವಲ್ಲ ಎಂದು ಸುಮ್ಮನಾದೆ. ವಾಪಸು ಬರುವಾಗ ರೈಲಿನಲ್ಲಿ ಕಾಲು ಚಾಚಿ ಕೂತ ಯಾರೋ ಹುಡುಗನ ಮೇಲೆ ಕೂಗಾಡಿದೆ.

ಮೆಲ್ಬರ್ನ್, ಮೊದಲ ದಿನ

ಡಿಸೆಂಬರ್ ಮೂರನೇ ವಾರ ಅನಘಾಳ ಫೋನು ಬಂತು. ಮೊದಲ ಡೋಸಿಗೆ ಎರಡು ದಿನ ಮೈಕೈ ನೋವು ಬಂದಿತ್ತು, ಈಗ ಕೆಫೆಯಲ್ಲಿ ಕ್ರಿಸ್‌ಮಸ್ ರಶ್ಶು, ಎರಡನೆಯದು ಕ್ಯಾನ್ಸಲ್ ಮಾಡುತ್ತಿದ್ದೇನೆ ಎಂದಳು. ಮಂಜುಳಾಗೆ ರಜೆ ಇರಲಿಲ್ಲ. “ನೀನು ಹೋಗು ಅಕ್ಕಾ. ನನ್ ಮಾತು ಕೇಳಲ್ಲ, ನಿನ್ ಮಾತು ಅಂದ್ರೆ ಅವಳಿಗೆ ವೇದವಾಕ್ಯ” ಎಂದು ವಿಮಾನ ಹತ್ತಿಸಿದಳು.

ಮೆಲ್ಬರ್ನಿನಲ್ಲಿ ಇಳಿದಾಗ ಬಿಸಿಲು ಸುಡುತ್ತಿತ್ತು. ಬಸ್ಸಿನಲ್ಲಿ ಕೂತಾಗ ಮಳೆ, ಟ್ರಾಮ್ ಹತ್ತಿದಾಗ ಚಳಿಗಾಳಿ. ಇಲ್ಲಿನವರು ಎಲ್ಲ ಕಾಲಕ್ಕೂ ಕೋಟೊಂದನ್ನು ಕೈಮೇಲೆ ಹಾಕಿಕೊಂಡೇ ನಡೆಯುತ್ತಾರೆ. ಹವೆಯನ್ನು ಬೈಯುವುದು ಇವರಿಗೆ ಒಂದು ಸುಖ. ಟ್ರಾಮಿನಲ್ಲಿ ಅಪರಿಚಿತನೊಬ್ಬ ನನ್ನ ಒದ್ದೆ ಸೆರಗು ನೋಡಿ, ಇದು ಮೆಲ್ಬರ್ನ್ ಎಂದು ಹೆಮ್ಮೆಯಿಂದ ಹೇಳಿದ. ನನಗೂ ಬೈಯಲು ಜೊತೆ ಸಿಕ್ಕಿತು, ನಾಲ್ಕು ಸ್ಟಾಪು ಹಾಯಾಗಿ ಕಳೆಯಿತು.

ಅನಘಾ ಇನ್ನು ಮೂವರ ಜೊತೆ ಹಂಚಿಕೊಂಡ ಮನೆಯಲ್ಲಿದ್ದಳು. ನನಗೆ ತನ್ನ ಮಂಚ ಬಿಟ್ಟುಕೊಟ್ಟು ನೆಲದಲ್ಲಿ ಹಾಸಿಕೊಂಡಳು. ಸಾರು ಮಾಡಿ ಬಡಿಸುತ್ತಾ ಮಾತು ತೆಗೆದೆ.

“ನಾನು ಓದಿದೀನಿ ದೊಡ್ಡಮ್ಮ” ಎಂದಳು. “ಮಂಗನ ಕಾಯಿಲೆ ವೈರಸ್ಸು, ಅಲ್ಲಿಂದು, ದೇ ಆರ್ ಕಸಿನ್ಸ್. ನಂಗೆ ಆಲ್ರೆಡಿ ಮೂರು ಡೋಸ್ ಆಗಿದೆ. ಪ್ಲಸ್ ಈಗ ಒಂದು. ಅದು ಬೂಸ್ಟರ್ ಥರ. ಇಟ್ಸ್ ಫೈನ್.”

“ಕಸಿನ್ಸ್ ಆದ್ರೆ ಒಬ್ಬರ ಅಂಗಿ ಇನ್ನೊಬ್ಬರಿಗೆ ಆಗಲ್ಲ. ಆ ಡಾಕ್ಟರು ಬದಿಗಿಟ್ರು, ನೋಡ್ಲಿಲ್ವಾ?”

“ಅವ್ರಿಗೆ ಅದರ ಹೆಸರೇ ಗೊತ್ತಿರ್ಲಿಲ್ಲ. ನಿಂಗೆ ಗೊತ್ತು. ಐ ಟ್ರಸ್ಟ್ ಯು ಮೋರ್ ದ್ಯಾನ್ ದೆಮ್.”

ನಾನು ರೇಗಿದೆ. ಆರು ತಿಂಗಳು ಕಾಡಿನಲ್ಲಿರುವವಳು ಕೆಫೆಯ ಎರಡು ದಿನದ ಕೆಲಸಕ್ಕೆ ಹೆದರುತ್ತೀಯಾ ಎಂದೆ. ನಮ್ಮ ಕಡೆಯವರಿಗೆ ಇಂಥ ಲಸಿಕೆಯೊಂದು ಸಿಗಲಿ ಎಂದು ಎಷ್ಟು ಬೇಸಿಗೆ ಕಾದಿದ್ದೇವೆ, ನಿನಗೆ ತಟ್ಟೆಯಲ್ಲಿಟ್ಟು ಕೊಟ್ಟರೆ ಮೂತಿ ತಿರುಗಿಸುತ್ತೀಯಾ ಎಂದೆ. ಜ್ವರ ಮೆದುಳಿಗೇರಿದ ಮೇಲೆ ಕೈ ನಡುಗುವುದು, ಮಾತು ತೊದಲುವುದು, ನಾನು ಕಣ್ಣಾರೆ ಕಂಡದ್ದೆಲ್ಲ ಹೇಳಿದೆ. ಹೇಳಿದ್ದೆಲ್ಲ ನಿಜ. ಹೇಳಬೇಕಾದ್ದನ್ನು ಮಾತ್ರ ಹೇಳಲಿಲ್ಲ. ಅವಳು ಶಾಂತವಾಗಿ ತಟ್ಟೆ ತೊಳೆದಿಟ್ಟು, “ಓಕೆ, ನಾಳೆ ಹೋಗೋಣ. ಆದ್ರೆ ಡಾಕ್ಟರ್ ಕನ್ವಿನ್ಸ್ ಮಾಡಿದ್ರೆ ಮಾತ್ರ” ಎಂದಳು.

ಮೆಲ್ಬರ್ನ್, ಎರಡನೇ ದಿನ

ಡಾಕ್ಟರು ನನ್ನ ವಯಸ್ಸಿನ ಹೆಂಗಸು, ನಿಧಾನದ ಮಾತು. ಮೊದಲು ಕಾಡಿನ ಪಾಠ ಮಾಡಿದರು. ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಚರ್ಮಕ್ಕೆ ಕೀಟ ಓಡಿಸುವ ಔಷಧಿ. ಸಂಜೆ ಮರಳಿದ ಕೂಡಲೇ ಸ್ನಾನ ಮಾಡಿ ಕಂಕುಳು, ಮಂಡಿಯ ಹಿಂದೆ, ಕೂದಲ ಅಂಚು ನೋಡಿಕೊಳ್ಳಬೇಕು. ಹಳ್ಳಿಯ ಮನೆಗಳಲ್ಲಿ ಕಾಯಿಸದ ಹಾಲು ಕೊಟ್ಟರೆ ಕುಡಿಯಬಾರದು, ಆ ಕಾಯಿಲೆ ಹಾಲಿನಿಂದಲೂ ಬರುತ್ತದೆ. ಈ ಹಾಲಿನದು ನನಗೂ ಗೊತ್ತಿರಲಿಲ್ಲ. ಉಳಿದದ್ದನ್ನು ಇಪ್ಪತ್ತಾರು ವರ್ಷ ನಾನೂ ಹೇಳಿದ್ದೆ, ಕೇಳಿದವರಿಗೆ ಕಾಲುಚೀಲ ಕೊಳ್ಳಲು ಇರಲಿಲ್ಲ ಅಷ್ಟೆ.

ಅನಘಾ ಚೀಟಿ ಮುಂದಿಟ್ಟಳು. ಡಾಕ್ಟರು ಅನುವಾದ ಓದಿದರು. “ಇದು ಬೇರೆ ಲಸಿಕೆ. ನಾನು ಇದನ್ನು ಎಣಿಸುವುದಿಲ್ಲ. ಹೊರಡುವ ಮೊದಲು ಎರಡನೆಯದು ಬೇಕು” ಎಂದರು.

“ನನ್ನ ಆಂಟಿ ಅಲ್ಲಿ ಇದೇ ಕೆಲಸ ಮಾಡಿದವರು” ಎಂದಳು ಅನಘಾ. “ಮೂರನ್ನೂ ಅವರೇ ಕೊಟ್ಟದ್ದು. ಅದು ಪೂರ್ತಿ ವೇಸ್ಟ್ ಅಂತ ಹೇಳ್ತೀರಾ?”

ಡಾಕ್ಟರು ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಮರ್ಯಾದೆ ಇತ್ತು, ಸಹೋದ್ಯೋಗಿಯನ್ನು ನೋಡುವ ಮರ್ಯಾದೆ. “ಬಲವಂತ ಮಾಡಲಾರೆ” ಎಂದರು ಅವಳಿಗೆ. “ನಿರ್ಧಾರ ನಿನ್ನದು.”

ಅನಘಾ ಎದ್ದು ಬ್ಯಾಗು ಹೆಗಲಿಗೆ ಹಾಕಿದಳು. “ಹಾಗಾದ್ರೆ ಈಗ ಬೇಡ. ವಾಪಸ್ ಬಂದ್ಮೇಲೆ ನೋಡ್ತೀನಿ. ಬಾ ದೊಡ್ಡಮ್ಮ.”

“ಒಂದೇ ಹಾಕಿದ್ದು” ಎಂದೆ.

“ಏನು?”

“ಮೊದಲನೇದು ಮಾತ್ರ ಹಾಕಿದ್ದು. ನೀನು ಅಳ್ತಿದ್ದೆ. ಉಳಿದೆರಡು ನಾನು ಬರೆದದ್ದು, ಹಾಕಲಿಲ್ಲ. ಸುಳ್ಳು.”

ಡಾಕ್ಟರಿಗೆ ಕನ್ನಡ ಬಾರದು. ಆದರೂ ಅವರು ಪೆನ್ನು ಕೆಳಗಿಟ್ಟರು. ಅನಘಾ ಚೀಟಿಯನ್ನು ಎತ್ತಿಕೊಂಡು ಮೂರು ಸಾಲುಗಳನ್ನೂ ನೋಡಿದಳು. ಅವಳಿಗೆ ಕನ್ನಡ ಓದಲು ಈಗ ಬಹಳ ಹೊತ್ತು ಬೇಕು, ಸಹಿ ಗುರುತಿಸಲು ಬೇಕಾಗಿಲ್ಲ. ನನ್ನ ಕಡೆ ತಿರುಗದೆ ಬ್ಯಾಗು ಕೆಳಗಿಟ್ಟು, ತೋಳು ಮೇಲಕ್ಕೆ ಸುತ್ತಿ ಕುರ್ಚಿಯಲ್ಲಿ ಕುಳಿತಳು. ಚುಚ್ಚುವಾಗ ಮುಖ ಕಿವುಚಲೂ ಇಲ್ಲ.

ಟ್ರಾಮಿನಲ್ಲಿ ಎದುರುಬದುರು ಸೀಟು ಸಿಕ್ಕಿತು. ನಾನು ಕಾದೆ. ಅವಳು ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು, ಅದು ನನಗೆ ಬರುತ್ತದೆ. ಅವಳು ಚುಚ್ಚಿದ ಜಾಗಕ್ಕೆ ಅಂಟಿಸಿದ್ದ ಪಟ್ಟಿಯನ್ನು ಒತ್ತಿಕೊಂಡಳು. ಆಮೇಲೆ ಕೇಳಿದಳು, ಪೂರ್ತಿ ಕನ್ನಡದಲ್ಲಿ.

“ನನ್ನದೊಂದೇನಾ?”

ನಾನು ಹೌದು ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು.

“ಅಲ್ಲ” ಎಂದೆ. “ನಿನ್ನದು ಮೊದಲನೇದು. ಮುಂದಿನ ವರ್ಷ ಹೊಳೆ ಆಚೆಯ ಕೇರಿಯವರು ಎರಡನೇ ಡೋಸಿಗೆ ಬಾಗಿಲು ತೆಗೀಲಿಲ್ಲ. ಪಟ್ಟಿ ಪೂರ್ತಿ ಮಾಡಿ ಅಂತ ಮೇಲಿಂದ ಒತ್ತಡ. ಹನ್ನೊಂದು ಮನೆ. ಬರೆದುಬಿಟ್ಟೆ. ಆ ಕೇರಿ ಪೂರ್ತಿ ಆಗಿದೆ ಅಂತ ಮತ್ತೆ ಯಾರೂ ಆ ಕಡೆ ಹೋಗಲಿಲ್ಲ.”

“ಅವ್ರೆಲ್ಲ ಇದಾರಾ?”

“ಒಬ್ಬ ಇಲ್ಲ. ಎರಡು ವರ್ಷದ ಮೇಲೆ ಕಾಯಿಲೆ ಬಂತು. ಡೋಸು ಹಾಕಿದ್ರೂ ಉಳೀತಿದ್ನೋ ಇಲ್ವೋ, ಯಾರಿಗೂ ಹೇಳಕ್ಕಾಗಲ್ಲ.”

“ಅವ್ರ ಮನೆಯವರಿಗೆ ಇದು ಗೊತ್ತಾ?”

“ಇಲ್ಲ.”

“ನಂಗೆ ಯಾಕೆ ಹೇಳ್ದೆ?”

“ನೀನು ನಮ್ಮ ಮನೆ ಹುಡುಗಿ” ಎಂದೆ. ಬಾಯಿಂದ ಬಂದ ಮೇಲೆ ಅದು ಎಂಥ ಮಾತು ಎಂದು ತಿಳಿಯಿತು. ಇಷ್ಟು ದಿನ ಬೂಟು ಉಜ್ಜಿದವನ ಮೇಲೆ, ನಾಯಿಯ ಮೇಲೆ, ರೇಶ್ಮೆ ಸೀರೆಗಳ ಮೇಲೆ, ಇಲಾಖೆಯ ಮೇಲೆ ನಾನು ಮಾಡಿಕೊಂಡು ಬಂದ ಸಿಟ್ಟಿನಲ್ಲಿ ಒಂದು ಚೂರೂ ಆಗ ನನ್ನ ಕೈಗೆ ಸಿಗಲಿಲ್ಲ. ನನ್ನ ಮೇಲಿನದು ಮಾತ್ರ ಉಳಿದಿತ್ತು.

ಅವಳು ಫೋನು ತೆಗೆದಳು. ಅಮ್ಮನಿಗೆ ಹೇಳುತ್ತಾಳೆ 	ಎಂದುಕೊಂಡೆ.

“ಹನ್ನೊಂದು ಮನೆ ಹೆಸರು ನೆನಪಿದ್ಯಾ?”

“ಇದೆ.”

“ಹೇಳು. ನಾನು ಟೈಪ್ ಮಾಡ್ಕೋತೀನಿ. ನೀನು ಊರಿಗೆ ಹೋದ್ಮೇಲೆ ಯಾವ ಮನೆಗೆ ಹೋಗಿ ಹೇಳ್ದೆ ಅಂತ ನಂಗೆ ಒಂದೊಂದಾಗಿ ಫೋನ್ ಮಾಡ್ಬೇಕು.”

ಟ್ರಾಮಿನಲ್ಲಿ ಜನ ತುಂಬಿದ್ದರು. ನಾನು ದನಿ ತಗ್ಗಿಸಿ ಮೊದಲ ಹೆಸರು ಹೇಳಿದೆ. ಕೇರಿಯ ಕೊನೆಯ ಮನೆ, ಗಿರಿಜಾ. ಕಾಯಿಲೆಯಲ್ಲಿ ಹೋದ ಆ ಒಬ್ಬ ಅವಳ ಗಂಡ. ಅನಘಾ ಬರೆದುಕೊಂಡಳು. ತಲೆ ಎತ್ತದೆ, “ಆಮೇಲೆ?” ಎಂದಳು.